ಚಿಲಕದ ಮೇಲಿನ ಕೈ

ಜನವರಿ 9

ಅಪ್ಪನಿಗೆ,

ಪತ್ರದ ಮೇಲ್ಗಡೆ ಏನೇನು ಬರೆಯಬೇಕು ಅನ್ನುವುದು ಏಳನೇ ಕ್ಲಾಸಿನ ಪುಸ್ತಕದ ಕೊನೆಯ ಪಾಠದಲ್ಲಿ ಇತ್ತಂತೆ. ನಾನು ಆ ಪಾಠದ ತನಕ ಹೋಗಲಿಲ್ಲ. ಅದಕ್ಕೆ ಸೀದಾ ಶುರು ಮಾಡಿದ್ದೇನೆ, ತಪ್ಪು ತಿಳಿಯಬೇಡಿ. ನಿಮ್ಮ ಕೆಮ್ಮು ಹೇಗಿದೆ? ಡಾರ್ಕ್‌ರೂಮಿನ ಕಿಟಕಿಯನ್ನು ದಿನಕ್ಕೆ ಒಂದು ಗಂಟೆಯಾದರೂ ತೆಗೆದಿಡುತ್ತೀರೋ ಇಲ್ಲವೋ? ತೆಗೆಯುವುದಿಲ್ಲ, ನನಗೆ ಗೊತ್ತು. ಆ ಔಷಧಿ ನೀರಿನ ಗಾಳಿ ಎದೆಗೆ ಒಳ್ಳೆಯದಲ್ಲ ಅಂತ ಸಾವಿರ ಸಲ ಹೇಳಿದ್ದೆ.

ಮೂರು ವರ್ಷದಿಂದ ಬರೆದಿಲ್ಲ. ಬರೆಯಬಾರದು ಅಂತಲ್ಲ. ಬರೆದರೆ ಓದುತ್ತೀರೋ, ಅಲ್ಲಾಡಿದ ಫೋಟೊಗಳ ಮೂಲೆ ಕತ್ತರಿಸಿ ಬುಟ್ಟಿಗೆ ಹಾಕುತ್ತೀರಲ್ಲ, ಹಾಗೆ ಇದರ ಮೂಲೆಯನ್ನೂ ಕತ್ತರಿಸುತ್ತೀರೋ ಅನ್ನುವ ಭಯ. ಆವತ್ತು ನಾನು ತೆಗೆದ ಮದುಮಗಳ ನಗುವ ಫೋಟೊವನ್ನು ಅಲ್ಲಾಡಿದೆ ಅಂತ ಅವರ ಮನೆಯವರ ಎದುರಿಗೇ ಕತ್ತರಿಸಿದಿರಿ. ನಾನು ಚೀಲ ತೆಗೆದುಕೊಂಡು ಬಸ್ಸು ಹತ್ತಿದೆ. ಆ ಮಾತು ಬಿಡಿ.

ಬರೆಯುತ್ತಿರುವುದು ಯಾಕೆಂದರೆ ನನಗೆ ದೊಡ್ಡ ಕೆಲಸ ಸಿಕ್ಕಿದೆ. ಇಷ್ಟು ದಿನ ಟೀವಿ ಧಾರಾವಾಹಿಗಳಲ್ಲಿ ಇದ್ದೆ, ಈಗ ಸಿನಿಮಾ. ಸ್ಟಿಲ್ ಫೋಟೊಗ್ರಾಫರ್. ಅಂದರೆ ಸಿನಿಮಾ ಕ್ಯಾಮೆರಾ ಓಡುವಾಗ ಅದರ ಪಕ್ಕದಲ್ಲಿದ್ದು ಓಡದ, ನಿಂತ ಫೋಟೊ ತೆಗೆಯುವುದು. ಪೋಸ್ಟರಿಗೆ ಬೇಕು, ಪೇಪರಿನವರಿಗೆ ಬೇಕು. ಅದಕ್ಕಿಂತ ಹೆಚ್ಚಾಗಿ ಹೊಂದಾಣಿಕೆಗೆ ಬೇಕು. ಇವತ್ತು ಬಲಗೈಯಲ್ಲಿ ಲೋಟ ಹಿಡಿದವರು, ಅದೇ ದೃಶ್ಯದ ಮಿಕ್ಕಿದ್ದನ್ನು ಹತ್ತು ದಿನ ಬಿಟ್ಟು ಮಾಡುವಾಗ ಎಡಗೈಯಲ್ಲಿ ಹಿಡಿದರೆ ಜನ ನಗುತ್ತಾರೆ. ಆಗ ಎಲ್ಲರೂ ನನ್ನ ಫೋಟೊ ನೋಡಬೇಕು. ಇಷ್ಟು ಜನ ನನ್ನನ್ನು ನಂಬುತ್ತಾರೆ ಅಂತ ನೆನೆಸಿಕೊಂಡರೆ ನನಗೆ ಅನ್ನ ಸೇರುವುದಿಲ್ಲ.

ಇಲ್ಲಿ ನನಗೆ ಸ್ಟಿಲ್ಲಮ್ಮ ಅಂತ ಹೆಸರಿಟ್ಟಿದ್ದಾರೆ. ಇಟ್ಟವರು ಶಬ್ದ ಹಿಡಿಯುವವರು. ಅವರಿಗೆ ನಾವು ಇಟ್ಟ ಹೆಸರು ಕಿವಿಯಣ್ಣ. ನನ್ನ ಕ್ಯಾಮೆರಾಗೆ ನಾನೇ ಹತ್ತಿ ತುಂಬಿ ದಪ್ಪ ಚೀಲ ಹೊಲಿದಿದ್ದೇನೆ, ಆದರೂ ಒತ್ತಿದಾಗ ಕಿಟಕ್ ಅನ್ನುತ್ತದೆ. ಮೊದಲನೇ ದಿನವೇ ಎಲ್ಲರೆದುರು ಅಂದರು: "ಏನಮ್ಮಾ ಸ್ಟಿಲ್ಲಮ್ಮ, ನಿನ್ನ ಕ್ಯಾಮೆರಾ ಹಲ್ಲು ಕಡೀತಿದೆ. ಹೊಟ್ಟೇಲಿ ಹುಳ ಇರ್ಬೇಕು, ಔಷಧಿ ಕೊಡ್ಸು." ಆಮೇಲೆ ಕರೆದು ಅವರೇ ಉಪಾಯ ಹೇಳಿಕೊಟ್ಟರು. ಮಾತಿನ ಮೇಲೆ ಸದ್ದು ಬಿದ್ದರೆ ಆ ಟೇಕ್ ಹೋಯಿತು. ಮಾತು ಮಾತಿನ ನಡುವೆ ಉಸಿರು ತೆಗೆದುಕೊಳ್ಳುವಾಗ ಬಿದ್ದರೆ ಆಮೇಲೆ ಕತ್ತರಿಸಿ ತೆಗೆಯಬಹುದು. ಅದಕ್ಕೆ ನಾನು ಉಸಿರು ಕಾಯುತ್ತೇನೆ. ಯಾರು ಎಲ್ಲಿ ಉಸಿರು ಬಿಡುತ್ತಾರೆ ಅನ್ನುವುದು ಎರಡು ಸಲದ ರಿಹರ್ಸಲ್ಲಿನಲ್ಲೇ ನನಗೆ ಗೊತ್ತಾಗಿಬಿಡುತ್ತದೆ. ಅದು ನಿಮ್ಮಿಂದ ಬಂದದ್ದು. ನೀವು ಗಿರಾಕಿಗಳಿಗೆ "ಉಸಿರು ಬಿಗಿ ಹಿಡೀರಿ, ಅಲ್ಲಾಡ್ಬೇಡಿ" ಅನ್ನುವಾಗ ಹಿಂದೆ ನಿಂತ ನಾನೂ ಹಿಡಿಯುತ್ತಿದ್ದೆ.

ಚಿತ್ರದಲ್ಲಿ ಮುಖ್ಯ ಪಾತ್ರ ಒಬ್ಬ ಹಿರಿಯ ನಟಿಯದು. ಸೆಟ್ಟಿನಲ್ಲಿ ಎಲ್ಲರಿಗೂ ದೊಡ್ಡಮ್ಮ. ಎಪ್ಪತ್ತೆರಡು ವರ್ಷ. ಹಿಂದಿನ ಕಾಲದಲ್ಲಿ ಶಾಟ್ ಮುಗಿದ ಕೂಡಲೇ ನಟರು ಹಾಗೇ ನಿಲ್ಲುತ್ತಿದ್ದರಂತೆ, ಸ್ಟಿಲ್‌ನವನಿಗಾಗಿ. ಈಗಿನವರು ಕಟ್ ಅಂದರೆ ಸಾಕು, ನೀರಿನ ಬಾಟಲಿಗೆ ಕೈ. ದೊಡ್ಡಮ್ಮ ಮಾತ್ರ ಇವತ್ತಿಗೂ ನಿಲ್ಲುತ್ತಾರೆ. ಕಟ್ ಆದಮೇಲೂ ಎರಡು ಉಸಿರಿನಷ್ಟು ಹೊತ್ತು, ಮುಖದ ಮೇಲಿನ ಆ ದುಃಖವನ್ನು ಹಾಗೇ ಇಟ್ಟುಕೊಂಡು, ಕಣ್ಣು ಮಾತ್ರ ನನ್ನ ಕಡೆ ತಿರುಗಿಸುತ್ತಾರೆ. ಆಯ್ತಾ, ಅಂತ. ನನ್ನಂಥವಳಿಗಾಗಿ ಅಪ್ಪಾ! ಮೊದಲ ಸಲ ನಾನು ಒತ್ತುವುದನ್ನೇ ಮರೆತು ನಮಸ್ಕಾರ ಮಾಡಿಬಿಟ್ಟೆ.

ಅವರದೊಂದು ಫೋಟೊ ಇಟ್ಟಿದ್ದೇನೆ. ನೋಡಿ. ಕಿಟಕಿ ತೆಗೆದಿಡಿ.

ನಿಮ್ಮ ಮಗಳು


ಜನವರಿ 21

ಮಗಳಿಗೆ,

ಪತ್ರ ಬಂತು. ಕೆಮ್ಮು ಇದ್ದಲ್ಲೇ ಇದೆ, ಅದಕ್ಕೂ ವಯಸ್ಸಾಗಿದೆ. ಬರೆಯಲು ಹಾಳೆ ಇಲ್ಲದೆ ಹಳೇ ಪ್ರಿಂಟಿನ ಬೆನ್ನಿಗೆ ಬರೆಯುತ್ತಿದ್ದೇನೆ, ತಿರುಗಿಸಿ ನೋಡಬೇಡ, ಯಾರದೋ ಪಾಸ್‌ಪೋರ್ಟಿನ ಮುಖ.

ನೀನು ಕಳಿಸಿದ ಫೋಟೊ ವಾಪಸು ಕಳಿಸಿದ್ದೇನೆ. ಮೂಲೆ ಕತ್ತರಿಸಿದ್ದೇನೆ. ಕಿವಿಯ ಹತ್ತಿರ ಅಲ್ಲಾಡಿದೆ. ಅಲ್ಲಾಡುವವರನ್ನು ಯಾರಾದರೂ ಫೋಟೊ ತೆಗೆಯುತ್ತಾರಾ? ಕೂರಿಸಬೇಕು, ಬೆಳಕು ಕೊಡಬೇಕು, ಗಲ್ಲ ಎತ್ತಬೇಕು, ಆಮೇಲೆ ಒತ್ತಬೇಕು. ಬೇರೆಯವರ ಬೆಳಕಿನಲ್ಲಿ, ಬೇರೆಯವರ ಮಾತಿನ ಸಂದಿಯಲ್ಲಿ ನುಗ್ಗಿ ಒತ್ತುವುದು ಕದ್ದಂತೆ.

ಆದರೆ ಕಣ್ಣಿನ ಚುಕ್ಕೆ ಚೆನ್ನಾಗಿ ಬಂದಿದೆ. ಬೆಳಕು ಎಲ್ಲಿಂದ ಬಿತ್ತು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಎಡಗಡೆ ದೊಡ್ಡ ಕಿಟಕಿ, ಸರಿಯಾ?

ಊಟ ಬಿಡಬೇಡ.

ಅಪ್ಪ


ಫೆಬ್ರವರಿ 3

ಅಪ್ಪನಿಗೆ,

ಎಡಗಡೆ ದೊಡ್ಡ ಕಿಟಕಿ. ಸರಿ. ಮೂಲೆ ಇಲ್ಲದ ಫೋಟೊವನ್ನು ನನ್ನ ರೂಮಿನ ಕನ್ನಡಿಗೆ ಸಿಕ್ಕಿಸಿದ್ದೇನೆ, ಸಿಟ್ಟಿಲ್ಲ. ಸ್ವಲ್ಪ ಇತ್ತು, ಈಗ ಇಲ್ಲ.

ಈಗ ಬರೆಯುತ್ತಿರುವ ವಿಷಯ ಬೇರೆ. ನಾನು ಒಂದು ತಪ್ಪು ಮಾಡಿದ್ದೇನೆ, ಅದರ ಮೇಲೆ ಒಂದು ಸುಳ್ಳು ಹೇಳಿದ್ದೇನೆ. ಬೇರೆ ಯಾರಿಗೂ ಹೇಳಲು ಧೈರ್ಯವಿಲ್ಲ.

ಕಥೆಯಲ್ಲಿ ದೊಡ್ಡಮ್ಮನ ಮಗ ಲಾರಿಗೆ ಸಿಕ್ಕು ಸತ್ತಿರುತ್ತಾನೆ. ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟುತ್ತಾರೆ. ತೆಗೆದರೆ ಆ ಲಾರಿ ಓಡಿಸಿದವನು. ಬಿಸಿಲಲ್ಲಿ ನಡೆದು ಬಂದಿದ್ದಾನೆ, ಬಾಯಿ ಒಣಗಿ ಮಾತೇ ಹೊರಡುತ್ತಿಲ್ಲ. ಅವರು ಅವನನ್ನು ನೋಡುತ್ತಾರೆ. ಬಾಗಿಲು ಹಾಕಿಬಿಡಬಹುದು. ಹಾಕುವುದಿಲ್ಲ. ಚಿಲಕದ ಮೇಲಿನ ಕೈ ತೆಗೆದು, ತಿರುಗಿ, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಡುತ್ತಾರೆ. ಅಷ್ಟೇ. ಒಂದು ಮಾತೂ ಇಲ್ಲ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ.

ಇದನ್ನು ಎರಡು ಸಲಕ್ಕೆ ತೆಗೆಯುತ್ತಾರೆ. ಮೊದಲು ಹೊರಗಿನಿಂದ, ಅವನ ಹೆಗಲ ಮೇಲಿಂದ ದೊಡ್ಡಮ್ಮನ ಮುಖ. ಆಮೇಲೆ ಕ್ಯಾಮೆರಾ ಒಳಗೆ ತಂದು ಅದೇ ತಿರುಗುವಿಕೆ, ಕೈಯಿಂದ ಶುರುವಾಗಿ ಲೋಟದ ತನಕ. ಮೊನ್ನೆ ಹೊರಗಿನದು. ಮಾತೇ ಇಲ್ಲದ ಶಾಟ್, ಕಿವಿಯಣ್ಣ ನನ್ನನ್ನು ಹೊರಗೆ ನಿಲ್ಲಲು ಬಿಡಲಿಲ್ಲ. "ಒಳಗೆ ಹೋಗು ತಾಯಿ, ಬಾಗಿಲ ಹಿಂದೆ ಅವಿತ್ಕೋ, ನಿನ್ನ ಹಲ್ಲಿನ ಸದ್ದು ಅಲ್ಲೇ ಇರ್ಲಿ." ನಾನು ಬಾಗಿಲಿಗೂ ಬೀರುವಿಗೂ ನಡುವೆ ತೂರಿಕೊಂಡು ನಿಂತೆ. ಮುಖ ನನಗೆ ಕಾಣುತ್ತಿರಲಿಲ್ಲ. ಒಂದು ಮೊಳ ದೂರದಲ್ಲಿ ಚಿಲಕ, ಅದರ ಮೇಲೆ ಅವರ ಬಲಗೈ. ಸಿನಿಮಾ ಕ್ಯಾಮೆರಾಕ್ಕೆ ಕಾಣದ ಕೈ. ಲೋಕದಲ್ಲಿ ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ.

ನಾನು ಉಸಿರಿಗೆ ಕಾದೆ. ಅವರು ಬಿಟ್ಟ ಕೂಡಲೇ ಒತ್ತೋಣ ಅಂತ. ಬಿಡಲಿಲ್ಲ. ಇನ್ನೂ ಬಿಡಲಿಲ್ಲ. ಆ ಕೈ ಏನು ಮಾಡಿತು ಅಂತ ಹೇಗೆ ಬರೆಯಲಿ? ಅದು ಮೊದಲು ಬಾಗಿಲನ್ನು ಮುಚ್ಚಲು ಹೊರಟಿತು, ನನ್ನಾಣೆ, ಒಂದು ಎಳೆಯಷ್ಟು. ಆಮೇಲೆ ಮನಸ್ಸು ಬದಲಿಸಿತು. ಕೈ ಮನಸ್ಸು ಬದಲಿಸುವುದನ್ನು ನಾನು ಅವತ್ತೇ ನೋಡಿದ್ದು. ಆಮೇಲೆ ಅದು ಅಲ್ಲಿ ಇರಲಿಲ್ಲ, ಚಿಲಕ ಮಾತ್ರ ಇತ್ತು, ಯಾರೋ ಕಟ್ ಅಂದರು. ಆಗ ನನಗೆ ತಿಳಿಯಿತು, ನಾನೂ ಉಸಿರು ಬಿಟ್ಟಿರಲಿಲ್ಲ. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿರಲಿಲ್ಲ.

ಆವತ್ತು ದೊಡ್ಡಮ್ಮ ನನಗಾಗಿ ನಿಲ್ಲಲಿಲ್ಲ. ಸೀದಾ ಹೋಗಿ ಕುರ್ಚಿಯಲ್ಲಿ ಕುಳಿತರು. ಇನ್ನೊಂದು ಟೇಕ್ ಕೇಳುವ ಧೈರ್ಯ ನಿರ್ದೇಶಕರಿಗೂ ಇರಲಿಲ್ಲ. ಮ್ಯಾನೇಜರ್ ಶಾಟುಗಳ ಲೆಕ್ಕದ ಪುಸ್ತಕ ಹಿಡಿದು ಬಂದು "ಬಾಗಿಲಿನ ಶಾಟು, ಸ್ಟಿಲ್ ಇದೆಯಾ?" ಅಂದರು. ನನ್ನ ಬಾಯಿ "ಇದೆ" ಅಂತು. ಅವರು ಗುರುತು ಹಾಕಿಕೊಂಡು ಹೋದರು.

ಒಳಗಿನ ಶಾಟ್ ಮುಂದಿನ ವಾರ. ಯಾರಾದರೂ ಆ ಫೋಟೊ ಕೇಳಿದರೆ?

ಮಗಳು


ಫೆಬ್ರವರಿ 12

ಮಗಳಿಗೆ,

ಇಲ್ಲ ಅಂತ ಹೇಳಿಬಿಡು. ಬೈತಾರೆ. ಬೈಸಿಕೋ. ಬೈದರೆ ಮೈಮೇಲೆ ಗಾಯ ಆಗುವುದಿಲ್ಲ.

ಬಾಗಿಲ ಸಂದಿಯಲ್ಲಿ ನಿಲ್ಲುತ್ತೀಯಾ? ಬೆನ್ನು ಹೇಗಿದೆ? ಚಿಕ್ಕವಳಿದ್ದಾಗಲೂ ಒಂದೇ ಕಾಲಿನ ಮೇಲೆ ಭಾರ ಹಾಕಿ ಕೊಕ್ಕರೆ ಥರ ನಿಲ್ಲುತ್ತಿದ್ದೆ.

ಕೈ ಮನಸ್ಸು ಬದಲಿಸಿತು ಅಂತ ಬರೆದಿದ್ದೀಯ. ಎರಡು ದಿನ ಅದನ್ನೇ ಯೋಚಿಸಿದೆ.

ಅಪ್ಪ


ಫೆಬ್ರವರಿ 15

ಅಪ್ಪನಿಗೆ,

ನಿಮ್ಮ ಪತ್ರ ಬರುವ ಮುಂಚೆಯೇ ಎಲ್ಲ ನಿಂತುಹೋಯಿತು. ದೊಡ್ಡಮ್ಮನಿಗೆ ಲಕ್ವ ಹೊಡೆದಿದೆ. ಮನೆಯಲ್ಲಿ ಬೆಳಗ್ಗೆ ಮುಖ ತೊಳೆಯುವಾಗ. ಬಲಗಡೆ. ಮಾತೂ ಇಲ್ಲವಂತೆ. ಶೂಟಿಂಗ್ ನಿಲ್ಲಿಸಿದ್ದಾರೆ. ಬಾಗಿಲು, ಚಿಲಕ, ಬೀರು, ಎಲ್ಲಕ್ಕೂ ಬಟ್ಟೆ ಮುಚ್ಚಿ ಬೀಗ ಹಾಕಿದರು.

ಒಂದು ಮಾತು ಬರೆಯುತ್ತೇನೆ, ಓದಿ ಹರಿದುಹಾಕಿ. ಸುದ್ದಿ ಕೇಳಿದ ಕ್ಷಣ ನನ್ನ ತಲೆಗೆ ಮೊದಲು ಬಂದದ್ದು ಏನು ಗೊತ್ತಾ? ಸದ್ಯ, ಇನ್ನು ಯಾರೂ ಫೋಟೊ ಕೇಳುವುದಿಲ್ಲ. ಹಾಗೆ ಅನ್ನಿಸಿತು ಅಪ್ಪಾ. ಆಮೇಲೆ ಅತ್ತೆ. ಆದರೆ ಮೊದಲು ಬಂದದ್ದು ಅದೇ.

ಮತ್ತೆ ಟೀವಿ ಧಾರಾವಾಹಿಗೆ ಹೋಗುತ್ತೇನೆ. ಸದ್ಯಕ್ಕೆ ಬರೆಯುವುದಿಲ್ಲ, ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಮಗಳು


ಜೂನ್ 6

ಅಪ್ಪನಿಗೆ,

ನಾಲ್ಕು ತಿಂಗಳಾಯಿತು. ನೀವು ನಡುವೆ ಕಳಿಸಿದ ಎರಡು ಕಾರ್ಡೂ ಬಂದವು. "ಹೇಗಿದ್ದೀಯ" ಅಂತ ಒಂದರಲ್ಲಿ, "ಹೇಗಿದ್ದೀಯ ಅಂತ ಕೇಳಿದ್ದೆ" ಅಂತ ಇನ್ನೊಂದರಲ್ಲಿ. ಚೆನ್ನಾಗಿದ್ದೇನೆ. ಚೆನ್ನಾಗಿಲ್ಲ.

ದೊಡ್ಡಮ್ಮ ವಾಪಸು ಬಂದಿದ್ದಾರೆ. ಎಲ್ಲರೂ ಬೇಡ ಅಂದರೂ, ಅರ್ಧ ಮಾಡಿದ್ದನ್ನು ಬಿಟ್ಟು ಸಾಯಲ್ಲ ಅಂತ ಹಟ ಹಿಡಿದು ಬಂದಿದ್ದಾರೆ. ಮಾತು ನಿಧಾನ, ಆದರೆ ಸ್ಪಷ್ಟ. ಬಲಗಾಲು ಸ್ವಲ್ಪ ಎಳೆಯುತ್ತದೆ. ಬಲಗೈ ಮಡಿಲಲ್ಲಿ ಇರುತ್ತದೆ, ಮಲಗಿರುವ ಬೆಕ್ಕಿನ ಹಾಗೆ. ಆಗಾಗ ಎಡಗೈಯಿಂದ ಅದನ್ನು ಸವರುತ್ತಾರೆ.

ಮಿಕ್ಕಿರುವುದು ಆ ಒಳಗಿನ ಶಾಟ್ ಒಂದೇ. ಹದಿನಾಲ್ಕು, ಹದಿನೈದು, ಎರಡು ದಿನ ಇಟ್ಟಿದ್ದಾರೆ. ಅಷ್ಟರಲ್ಲಿ ಆಗದಿದ್ದರೆ ಬೇರೆ ಯಾರದೋ ಬೆನ್ನು ತೋರಿಸಿ, ಬೇರೆ ಯಾರದೋ ಕೈಯಲ್ಲಿ ಲೋಟ ಕೊಟ್ಟು ಮುಗಿಸುತ್ತಾರಂತೆ. ಮ್ಯಾನೇಜರ್ ಇದನ್ನು ದೊಡ್ಡಮ್ಮನ ಎದುರಿಗೇ ಹೇಳಿದರು. ಅವರು ತಲೆ ಅಲ್ಲಾಡಿಸಿದರು, ಅಷ್ಟೇ. ಅದು ಅವರ ಕೊನೆಯ ಕೆಲಸ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು.

ನಿರ್ದೇಶಕರು ಹೊರಗಿನ ಶಾಟನ್ನು ಪರದೆಯ ಮೇಲೆ ಹಾಕಿ ತೋರಿಸಿದರು, ಹಳೆಯದು ನೆನಪಾಗಲಿ ಅಂತ. ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ ಮುಖ ತಿರುಗಿಸಿದರು. "ಓಡ್ತದೆ ಕಣಪ್ಪ. ಹಿಡ್ಕೊಳ್ಳೋದ್ರಲ್ಲಿ ಮುಂದಕ್ಕೆ ಹೋಗಿರ್ತದೆ. ಕಾಯಿಲೆ ಬಂದ ಮೇಲೆ ಓಡೋದ್ಯಾವುದೂ ನನ್ನ ತಲೇಲಿ ನಿಲ್ಲಲ್ಲ. ನಿಂತಿರೋದು ಕೊಡಿ." ಆಮೇಲೆ ನನ್ನ ಕಡೆ ನೋಡಿ, "ಸ್ಟಿಲ್ಲಮ್ಮಾ, ನಿನ್ನ ಫೋಟೊ ತಾ" ಅಂದರು.

ಮೂರು ದಿನದಿಂದ ನನ್ನ ಫೋಟೊಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂರುತ್ತಾರೆ. ನೀವು ನೋಡಬೇಕಿತ್ತು. ಒಂದೊಂದನ್ನೂ ಕಾಲು ಗಂಟೆ ನೋಡುತ್ತಾರೆ. ನೋಡುತ್ತಾ ನೋಡುತ್ತಾ ಅವರ ಹೆಗಲು ಆ ಫೋಟೊದ ಹೆಗಲಾಗುತ್ತದೆ. ಕತ್ತು ಆ ಕತ್ತಾಗುತ್ತದೆ. ಒಣಗಿದ ಬಟ್ಟೆ ನೀರು ಕುಡಿಯುತ್ತದಲ್ಲ, ಹಾಗೆ. ನಿನ್ನೆ ಕಿಟಕಿಯ ಹತ್ತಿರದ ಫೋಟೊ ನೋಡಿ ಎದ್ದು ನಿಂತರು ನೋಡಿ, ನಾಲ್ಕು ತಿಂಗಳ ಕಾಯಿಲೆ ಎಲ್ಲಿ ಹೋಯಿತೋ! ಮ್ಯಾನೇಜರ್ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಎದ್ದು ನಿಂತರು. ಯಾಕೆ ನಿಂತೆ ಅಂತ ಅವರಿಗೇ ಗೊತ್ತಿರಲಿಲ್ಲ. ಕಾಗದದ ಮೇಲೆ ನಿಂತದ್ದು ಮನುಷ್ಯರ ಮೈಗೆ ವಾಪಸು ಹೋಗುವುದನ್ನು ನಾನು ಕಣ್ಣಾರೆ ನೋಡಿದೆ ಅಪ್ಪಾ. ಇಷ್ಟು ವರ್ಷ ನಾವು ಅಂಗಡಿಯಲ್ಲಿ ಮಾಡಿದ ಕೆಲಸ ಇದೇನಾ ಅಂತ ಹೆದರಿಕೆಯಾಯಿತು.

ಇವತ್ತು ಕೊನೆಯ ಸಾಲಿಗೆ ಬಂದರು. ಬಾಗಿಲು ತೆಗೆಯುವುದು ಇದೆ. ಅದಾದ ಮೇಲೆ ಖಾಲಿ. "ಚಿಲಕದ ಮೇಲೆ ಕೈ ಇರೋದು ಎಲ್ಲಿ? ಮುಖ ನಾನು ಮಾಡೋದಲ್ಲ ಮಗೂ, ಕೈ ಹೇಳ್ಕೊಡ್ತದೆ, ಮುಖ ಮಾಡ್ತದೆ. ಆ ಕೈ ಏನು ಹೇಳ್ತಿತ್ತು ಅಂತ ನಂಗೆ ಮರ್ತೇ ಹೋಗಿದೆ. ಅದು ಬೇಕು."

ಮ್ಯಾನೇಜರ್ ಪುಸ್ತಕ ತಿರುವಿ "ಇದೆ ಅಂತ ಗುರುತಿದೆಯಲ್ಲ" ಅಂದರು. ನಾನು "ಲ್ಯಾಬಿನಲ್ಲಿದೆ, ತರಿಸ್ತೀನಿ" ಅಂದೆ.

ಒಂದು ಸುಳ್ಳಿಗೆ ಇನ್ನೊಂದು ಸುಳ್ಳು. ನನ್ನ ಒಂದು ಬೆರಳಿನಿಂದ ಅವರ ಕೊನೆಯ ಕೆಲಸ ಬೇರೆಯವರ ಬೆನ್ನಿನ ಪಾಲಾಗುತ್ತದೆ. ಏನು ಮಾಡಲಿ? ಬೇಗ ಬರೆಯಿರಿ.

ಮಗಳು


ಜೂನ್ 9

ಮಗಳಿಗೆ,

ಬೇಗ ಬರೆಯುತ್ತಿದ್ದೇನೆ. ಅಂಗಡಿ ಬಾಗಿಲು ಅರ್ಧ ಎಳೆದು ಕೂತಿದ್ದೇನೆ.

ನಾನು ಪೇಟೆಗೆ ಹೋಗುವಾಗ ಗಡಿಯಾರದ ಅಂಗಡಿಯ ದಾರಿ ಬಿಟ್ಟು ಸುತ್ತಿ ಬಳಸಿ ಹೋಗುತ್ತಿದ್ದೆ, ನಿನಗೆ ನೆನಪಿರಬೇಕು. ನೀನು ಬಿಸಿಲಲ್ಲಿ ಕಾಲು ನೋವು ಅಂತ ಅಳುತ್ತಿದ್ದೆ. ಯಾಕೆ ಅಂತ ಕೇಳುತ್ತಿದ್ದೆ, ನಾನು ಹೇಳುತ್ತಿರಲಿಲ್ಲ.

ನೀನು ಹುಟ್ಟುವ ಮುಂಚೆ ಆ ರಸ್ತೆಯ ಒಂದು ಮನೆಯವರು ಎಲ್ಲರೂ ಕೂಡಿ ಫೋಟೊ ತೆಗೆಸಿಕೊಂಡರು. ಹನ್ನೊಂದು ಜನ. ಮನೆಯ ಯಜಮಾನರಿಗೆ ಎಂಬತ್ತು ದಾಟಿತ್ತು. ಅದಕ್ಕೂ ಮುಂಚೆ ಅವರು ಯಾವತ್ತೂ ಫೋಟೊಗೆ ಕೂತವರಲ್ಲ, ಕೂರಿಸಲು ಮಕ್ಕಳು ಎರಡು ವರ್ಷ ಗೋಗರೆದಿದ್ದರಂತೆ. ಉಸಿರು ಹಿಡೀರಿ ಅಂದೆ, ಹನ್ನೊಂದು ಜನವೂ ಹಿಡಿದರು. ಒತ್ತಿದೆ. ಆದರೆ ಪ್ಲೇಟಿನ ಮುಚ್ಚಳ ಎಳೆದಿರಲಿಲ್ಲ. ಒಳಗೆ ಬೆಳಕೇ ಹೋಗದೆ ಚಿತ್ರ ಬಿದ್ದಿರಲಿಲ್ಲ. ನಾನು ಅವರಿಗೆ ನನ್ನ ತಪ್ಪು ಅಂತ ಹೇಳಲಿಲ್ಲ. ಬೆಳಕು ಸರಿ ಬರಲಿಲ್ಲ, ಇನ್ನೊಂದು ದಿನ ಬನ್ನಿ ಅಂದೆ. ಅವರು ಇನ್ನೊಂದು ದಿನ ಬರುವ ಹೊತ್ತಿಗೆ ಹತ್ತು ಜನ ಇದ್ದರು.

ಯಜಮಾನರ ಮಗ ನನ್ನನ್ನು ಕೇಳಿದ: "ನಮ್ಮಪ್ಪ ಅವತ್ತು ಹೇಗೆ ಕೂತಿದ್ರು ಸ್ವಾಮಿ? ನಾವೆಲ್ಲ ಮುಂದಕ್ಕೆ ನೋಡ್ತಿದ್ವಿ, ನೀವು ಒಬ್ರೇ ಅವರನ್ನ ನೋಡಿದ್ದು." ನನಗೆ ಗೊತ್ತಿತ್ತು. ಕೋಲಿನ ಮೇಲೆ ಎರಡೂ ಕೈ, ಕೈಯ ಮೇಲೆ ಗಲ್ಲ ಇಡಲು ಹೋಗಿ ಇಡದೆ ನಿಲ್ಲಿಸಿದ್ದರು. ನಾಚಿಕೆಗೆ, ನೆನಪಿಲ್ಲ ಅಂದುಬಿಟ್ಟೆ. ಅದು ಎರಡನೇ ಸುಳ್ಳು. ಮೊದಲನೆಯದಕ್ಕಿಂತ ದೊಡ್ಡದು.

ಅಂದಿನಿಂದ ಕೆಟ್ಟ ಫೋಟೊ, ಬರೀ ಅಲ್ಲಾಡಿದ್ದಾದರೂ ಸರಿ, ಕಂಡರೆ ನನಗೆ ಆಗದು.

ಹೋಗಿ ಹೇಳು. ಹೇಳಿ ಸುಮ್ಮನೆ ಬರಬೇಡ. ನೋಡಿದ್ದನ್ನೂ ಹೇಳು.

ಅಪ್ಪ


ಜೂನ್ 16

ಅಪ್ಪನಿಗೆ,

ನಿಮ್ಮ ಪತ್ರ ಹದಿಮೂರಕ್ಕೆ ಬಂತು. ರಾತ್ರಿಯೆಲ್ಲ ತಲೆಯ ಕೆಳಗೆ ಇಟ್ಟುಕೊಂಡಿದ್ದೆ. ಬೆಳಗ್ಗೆ ಸೀದಾ ಮೇಕಪ್ ರೂಮಿಗೆ ಹೋದೆ. ದೊಡ್ಡಮ್ಮ ಒಬ್ಬರೇ ಕನ್ನಡಿಯ ಮುಂದೆ ಇದ್ದರು. ನಾನು ಕೂರಲೂ ಇಲ್ಲ.

"ಅಮ್ಮಾ, ಆ ಫೋಟೊ ಲ್ಯಾಬಲ್ಲಿ ಇಲ್ಲ. ಎಲ್ಲೂ ಇಲ್ಲ. ನಾನು ತೆಗೀಲೇ ಇಲ್ಲ. ತೆಗೆದೆ ಅಂತ ಸುಳ್ಳು ಹೇಳ್ದೆ."

ಅವರು ಕನ್ನಡಿಯಲ್ಲೇ ನನ್ನನ್ನು ನೋಡಿದರು. ಬೈಯಲಿ ಅಂತ ಕಾದೆ. ಬೈಗುಳಕ್ಕೆ ಬದಲು "ಯಾಕೆ ತೆಗೀಲಿಲ್ಲ?" ಅಂದರು.

"ನೀವು ಉಸಿರು ಬಿಟ್ಟ ಕೂಡ್ಲೇ ಒತ್ತೋಣ ಅಂತ ಕಾದೆ. ನೀವು ಬಿಡ್ಲೇ ಇಲ್ಲ."

ಅವರು ಕುರ್ಚಿ ಸಮೇತ ತಿರುಗಿದರು. "ನಾನು ಉಸಿರು ಬಿಡ್ಲಿಲ್ವಾ?"

"ಇಲ್ಲ."

"ಎಲ್ಲೀವರೆಗೆ?"

"ಕೈ ಚಿಲಕ ಬಿಡೋವರೆಗೆ. ಕೈ ಬಿಟ್ಟ ಮೇಲೇ ನೀವು ಬಿಟ್ಟಿದ್ದು."

ಎಡಗೈಯಿಂದ ತೊಡೆಗೆ ಒಂದು ಏಟು ಹೊಡೆದುಕೊಂಡರು. ಆಮೇಲೆ, "ಅಯ್ಯೋ ಕತ್ತೆ, ಇದನ್ನ ಮೊದ್ಲೇ ಹೇಳೋದಲ್ವೇನೇ! ನಾನು ಇಷ್ಟು ದಿನದಿಂದ ಉಸಿರು ಬಿಟ್ಕೊಂಡೇ ಮಾಡ್ತಿದೀನಿ, ಎಲ್ಲಿ ಬರ್ತದೆ ಅದು! ನಡಿ, ಆ ಬಾಗಿಲ ಹತ್ರ ಮಾಡಿ ತೋರ್ಸು."

ನಾನು ನಟಿಯೇ ಅಪ್ಪಾ? ಸೆಟ್ಟಿಗೆ ಹೋಗಿ ಬಾಗಿಲ ಎದುರು ನಿಂತೆ. ಅವರು ನನ್ನ ಜಾಗದಲ್ಲಿ, ಬೀರುವಿನ ಪಕ್ಕದಲ್ಲಿ, ಸ್ಟೂಲಿನ ಮೇಲೆ. ಕಿವಿಯಣ್ಣ ತಂತಿ ಸುತ್ತುತ್ತಿದ್ದವರು ಹಾಗೇ ನಿಂತರು. ಕಣ್ಣು ಮುಚ್ಚಿ, ಉಸಿರು ಹಿಡಿದು, ಚಿಲಕದ ಮೇಲೆ ಕೈ ಇಟ್ಟೆ. ಒಂದು ಎಳೆಯಷ್ಟು ಮುಚ್ಚಿದೆ. ಆಮೇಲೆ ಎಲ್ಲರೂ ನೋಡುತ್ತಿದ್ದಾರೆ ಅನ್ನುವುದು ನೆನಪಾಗಿ ಗಾಬರಿಗೆ ಐದು ಬೆರಳೂ ಒಟ್ಟಿಗೆ ಬಿಟ್ಟುಬಿಟ್ಟೆ.

"ಅಲ್ಲ!" ಅಂದರು ದೊಡ್ಡಮ್ಮ. "ಅವನೇನು ಹಾಲಿನವನಾ, ಪಾತ್ರೆ ತರ್ತೀನಿ ಇರು ಅಂತ ಹಾಗೆ ಬಿಡೋಕೆ? ಅಲ್ಲ ಅಲ್ಲ ಅಲ್ಲ." ಅನ್ನುತ್ತಲೇ ಎದ್ದರು. ಎದ್ದದ್ದು ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ಕಾಲು ಎಳೆಯುತ್ತಾ ಬಂದು ನನ್ನನ್ನು ಭುಜದಿಂದ ಪಕ್ಕಕ್ಕೆ ತಳ್ಳಿದರು. "ಕಿರುಬೆರಳು ಮೊದ್ಲು ಕಣೇ. ಚಿಕ್ಕದು ಮೊದ್ಲು ಕ್ಷಮಿಸ್ತದೆ. ಹೆಬ್ಬೆರಳಿಗೆ ಹೊತ್ತು ಬೇಕು." ಹೇಳುತ್ತಾ ಹೇಳುತ್ತಾ ಬಲಗೈ ಎತ್ತಿ ಚಿಲಕದ ಮೇಲೆ ಇಟ್ಟಿದ್ದರು. ಬಲಗೈ ಅಪ್ಪಾ! ಮಡಿಲ ಬೆಕ್ಕು!

ಕಿವಿಯಣ್ಣ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ನಿರ್ದೇಶಕರನ್ನು ಕರೆದುಕೊಂಡು ಬಂದರು. ಅವರು ಕೈಸನ್ನೆಯಲ್ಲೇ ಎಲ್ಲರನ್ನೂ ಜಾಗಕ್ಕೆ ಕಳಿಸಿದರು. ಅರ್ಧ ಗಂಟೆಯಲ್ಲಿ ಬೆಳಕು ಸಿದ್ಧವಾಯಿತು, ಪಿಸುಮಾತಿನಲ್ಲೇ.

ಶಾಟ್ ಬಗ್ಗೆ ಬರೆಯಬೇಕು ಅಂತ ಎರಡು ಹಾಳೆ ಹರಿದೆ. ಆಗುತ್ತಿಲ್ಲ. ಕೈ ಚಿಲಕದ ಮೇಲಿತ್ತು. ಒಂದು ಎಳೆ ಮುಚ್ಚಿತು. ನಿಂತಿತು. ಕಿರುಬೆರಳು ಎದ್ದಿತು, ಅದರ ಪಕ್ಕದ್ದು ಎದ್ದಿತು, ನಡುಬೆರಳು ಏಳಲು ನೋಡಿ ನಡುಗಿ ಮತ್ತೆ ಕೂತಿತು. ಅದು ಕಾಯಿಲೆಯೋ, ನಟನೆಯೋ, ಆ ತಾಯಿಯ ಮನಸ್ಸೋ, ನನಗೆ ತಿಳಿಯಲಿಲ್ಲ. ಯಾರಿಗೂ ತಿಳಿಯಲಿಲ್ಲ. ಫೆಬ್ರವರಿಯಲ್ಲಿ ನಾನು ನೋಡಿದ ಕೈಯೂ ಹೀಗೇ ನಡುಗಿತ್ತೇ? ನಡುಗಿತ್ತು ಅನ್ನಿಸುತ್ತದೆ. ಇಲ್ಲವೇನೋ. ಈಗ ಈ ಕೈ ಆ ಕೈಯ ಮೇಲೆ ಕೂತುಬಿಟ್ಟಿದೆ, ಹಳೆಯದು ನನಗೆ ಸಿಗುತ್ತಿಲ್ಲ. ಕೊನೆಗೆ ಹೆಬ್ಬೆರಳು ಬಿಟ್ಟಿತು. ಉಸಿರು ಬಂತು. ಅವರು ತಿರುಗಿದರು, ಕಾಲೆಳೆಯುತ್ತಾ ಹೋಗಿ ನೀರು ಬಗ್ಗಿಸಿದರು. ಲೋಟ ತುಂಬುವ ಸದ್ದು. ವಾಪಸು ಬಂದು ಬಾಗಿಲಿನಾಚೆಗೆ ಕೈ ಚಾಚಿದರು. ಒಂದು ಹನಿ ಚೆಲ್ಲಲಿಲ್ಲ.

ನಾನು ಒತ್ತಿದೆನಾ? ಇಲ್ಲ ಅಪ್ಪಾ. ಈ ಸಲವೂ ಇಲ್ಲ. ಬೆರಳು ಗುಂಡಿಯ ಮೇಲೆ, ಕಣ್ಣಲ್ಲಿ ನೀರು, ಎದುರಿಗೆಲ್ಲ ಮಂಜು.

ಕಟ್ ಅಂದರು. ಕಿವಿಯಣ್ಣ ಕಿವಿಯ ಮೇಲಿನದನ್ನು ತೆಗೆದು ಗೋಡೆಗೆ ಮುಖ ಮಾಡಿ ನಿಂತರು. ಮ್ಯಾನೇಜರ್ ಪುಸ್ತಕ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಯಾರೋ ಕುರ್ಚಿ ತರಲು ಓಡಿದರು. ಆದರೆ ದೊಡ್ಡಮ್ಮ ಕುರ್ಚಿಗೆ ಹೋಗಲಿಲ್ಲ. ಲೋಟ ಅಲ್ಲೇ ಇಟ್ಟು, ಮತ್ತೆ ಬಾಗಿಲಿಗೆ ಬಂದು, ಚಿಲಕದ ಮೇಲೆ ಕೈ ಇಟ್ಟು, ಉಸಿರು ಹಿಡಿದು, ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿದರು. ನಿಂತರು. ಆ ಕಾಲಿನಲ್ಲಿ. ನಾನು ಕಣ್ಣೊರೆಸಿಕೊಳ್ಳುವ ತನಕ ನಿಂತರು.

ಕಿಟಕ್ ಅಂತು. ಕಿವಿಯಣ್ಣ ಗೋಡೆಯ ಕಡೆಯಿಂದಲೇ "ಈಗ ಎಷ್ಟು ಬೇಕಾದ್ರೂ ಕಡಿ ತಾಯಿ" ಅಂದರು.

ಮ್ಯಾನೇಜರಿಗೂ ಸುಳ್ಳಿನ ವಿಷಯ ಹೇಳಿದೆ. ಬೈದರು. ಬೈಸಿಕೊಂಡೆ. ಗಾಯ ಆಗಲಿಲ್ಲ.

ಆ ಫೋಟೊ ಇದರ ಜೊತೆ ಇದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ಕೈ ಅಲ್ಲಾಡಿದೆ, ನನಗೆ ಗೊತ್ತು. ಕತ್ತರಿಸುವುದಾದರೆ ಕತ್ತರಿಸಿ, ಆದರೆ ವಾಪಸು ಕಳಿಸಿ.

ಗಡಿಯಾರದ ಅಂಗಡಿಯ ದಾರಿಯ ವಿಷಯ. ಆ ಯಜಮಾನರ ಮಗ ಇನ್ನೂ ಇದ್ದಾರಾ?

ನಿಮ್ಮ ಮಗಳು


ಜೂನ್ 27

ಮಗಳಿಗೆ,

ಇದ್ದಾನೆ. ಅವನಿಗೂ ಎಪ್ಪತ್ತಾಗಿದೆ. ಮೊನ್ನೆ ಆ ದಾರಿಯಲ್ಲೇ ಹೋದೆ. ಕೋಲಿನ ಮೇಲೆ ಎರಡೂ ಕೈ ಇಟ್ಟು, ಗಲ್ಲ ಇಡಲು ಹೋಗಿ ನಿಲ್ಲಿಸಿ, ಅವರಪ್ಪ ಕೂತ ಹಾಗೆ ಅವನ ಜಗಲಿಯ ಮೇಲೆ ಕೂತು ತೋರಿಸಿದೆ. ಅವನು ಮನೆಯವರನ್ನೆಲ್ಲ ಕರೆದ. "ಇನ್ನೊಂದ್ಸಲ ಮಾಡಿ ಸ್ವಾಮಿ" ಅಂದ. ಐದು ಸಲ ಮಾಡಿದೆ. ಬೆನ್ನು ಹಿಡಿದುಕೊಂಡಿದೆ.

ನಿನ್ನ ಫೋಟೊ ಬಂತು. ಕೈ ಅಲ್ಲಾಡಿದೆ. ಕಣ್ಣು ಅಲ್ಲಾಡಿಲ್ಲ. ಮೂಲೆ ಕತ್ತರಿಸಿಲ್ಲ. ವಾಪಸೂ ಕಳಿಸುವುದಿಲ್ಲ, ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಇಡುವ ಮುಂಚೆ ಭೂತಗನ್ನಡಿ ಹಿಡಿದು ಒಂದು ಬೆಳಗಿನ ಹೊತ್ತೆಲ್ಲ ನೋಡಿದೆ. ಆಕೆಯ ಕಣ್ಣಿನ ಚುಕ್ಕೆಯಲ್ಲಿ ಕಿಟಕಿ ಕಾಣುತ್ತದೆ. ಕಿಟಕಿಯ ಬೆಳಕಿಗೆ ಅಡ್ಡವಾಗಿ ಸಾಸಿವೆ ಕಾಳಿನಷ್ಟು ಕಪ್ಪಗೆ ಏನೋ ನಿಂತಿದೆ. ಬೇರೆಯವರಿಗೆ ಅದು ಕಸ.

ಮೂರು ವರ್ಷವಾಯಿತು ನಿನ್ನನ್ನು ನೋಡಿ. ಇನ್ನೂ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತೀಯ. ಸೊಂಟ ನೋಯುತ್ತದೆ. ಎರಡೂ ಕಾಲು ಊರಿ ನಿಲ್ಲು.

ಕಿಟಕಿ ತೆಗೆದಿಟ್ಟಿದ್ದೇನೆ.

ಅಪ್ಪ